ಕುರುಗೋಡಿಗೆ ಕೊಟ್ಟ ಹೆಣ್ಣು

ಕನ್ನಡದಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಮಾತು ‘ಕೊಡು’. ಯುದ್ಧದ ಕಾಲದಲ್ಲಿ ಕುರುಗೋಡಿನ ಚಿಕ್ಕ ದವಾಖಾನೆಯನ್ನು ನೋಡಿಕೊಳ್ಳುತ್ತಿದ್ದ ಡೆನ್ಮಾರ್ಕಿನ ನರ್ಸಮ್ಮನ ವಿಷಯ ಹೇಳುತ್ತಿದ್ದೇನೆ. ಊರವರು ಅವರನ್ನು ದೊರಸಾನಿ ಎನ್ನುತ್ತಿದ್ದರು. ಅವರ ನಿಜವಾದ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಅದನ್ನು ಇಲ್ಲಿ ಬರೆಯುವುದೂ ಇಲ್ಲ. ಆ ಹೆಸರಿಗೆ ನಾನು ಮಾಡಿದ್ದು ಸಾಕು.

ಸಂಜೆ ರೋಗಿಗಳು ಮುಗಿದ ಮೇಲೆ ದವಾಖಾನೆಯ ಮುಂದಿನ ಬಂಡೆಯ ಮೇಲೆ ಹೆಂಗಸರ ನಡುವೆ ಕೂತು ಮಾತು ಕಲಿಯುವುದು ಅವರ ಪದ್ಧತಿ. ಬೆರಳು ಮಡಚುತ್ತ ಕೇಳುತ್ತಿದ್ದರು:

“ಮಾತು ಕೊಡ್ತೀರಿ. ಕಿವಿ ಕೊಡ್ತೀರಿ. ಪೆಟ್ಟು ಕೊಡ್ತೀರಿ, ಕಾಟ ಕೊಡ್ತೀರಿ. ಕೊಡಲಾರದ್ದು ಏನೈತಿ ನಿಮ್ಮ ಕಡಿ?”

“ಕಡ ಒಂದು ಕೊಡಂಗಿಲ್ರಿ,” ಎಂದು ಯಾರೋ ಮುದುಕಿ ಅಂದರೆ ಬಂಡೆಯ ಮೇಲಿದ್ದವರೆಲ್ಲ ನಗುತ್ತಿದ್ದರು. ದೊರಸಾನಿಗೆ ನಗು ಒಂದು ಕ್ಷಣ ತಡವಾಗಿ ಬರುತ್ತಿತ್ತು. ಮಾತನ್ನು ಮೊದಲು ತಮ್ಮೊಳಗೆ ಬಿಡಿಸಿಕೊಂಡು, ಎಲ್ಲರ ನಗು ಮುಗಿದ ಮೇಲೆ ತಾವೊಬ್ಬರೇ ಜೋರಾಗಿ ನಗುತ್ತಿದ್ದರು.

ಅವರು ಎತ್ತರದ ಆಳು. ನಮ್ಮ ಮನೆಗಳ ಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಮರೆತು ಹಣೆ ಬಡಿಸಿಕೊಳ್ಳುತ್ತಿದ್ದರು, ಬಡಿಸಿಕೊಂಡಾಗಲೆಲ್ಲ ಬಾಗಿಲ ಚೌಕಟ್ಟಿಗೇ “ತಪ್ಪಾತ್ರಿ” ಎನ್ನುತ್ತಿದ್ದರು. ‘ರಿ’ ಯಾರಿಗೆ ಹಚ್ಚಬೇಕು, ಯಾರಿಗೆ ಬಿಡಬೇಕು ಎಂಬುದು ಕೊನೆಯವರೆಗೂ ಅವರಿಗೆ ಕೂಡಿಬರಲಿಲ್ಲ. ಬೀದಿನಾಯಿ ಒಳಗೆ ಬಂದರೆ “ಹೊರಗ ಹೋಗ್ರಿ” ಎನ್ನುವರು. ತಹಶೀಲ್ದಾರರು ಬಂದಾಗ “ಬಾ, ಕುಂದ್ರು” ಅಂದಿದ್ದರು. ತಹಶೀಲ್ದಾರರು ಕೂತರು ಕೂಡ.

ಔಷಧ ಕೊಟ್ಟ ಮೇಲೆ ರೋಗಿಯ ಗಂಟಲನ್ನೇ ನೋಡುತ್ತ ನಿಲ್ಲುವರು. ಗಂಟಲು ಏರಿ ಇಳಿದ ಮೇಲೆ, “ಆ ಅನ್ನು,” ಎಂದು ಬಾಯಿ ತೆಗೆಸಿ ನೋಡುವರು. ದೊಡ್ಡ ದೊಡ್ಡ ಗೌಡರೂ ಅವರ ಮುಂದೆ ಬಾಯಿ ತೆರೆದು ನಿಲ್ಲಬೇಕಾಗಿತ್ತು. “ಕೊಟ್ಟರ ಅರ್ಧ ಕೆಲಸ, ತಗೊಂಡರ ಪೂರಾ,” ಎಂಬುದು ಅವರ ಮಾತು.

ನಾನು ಅಲ್ಲಿ ಕಂಪೌಂಡರ್ ಆಗಿದ್ದೆ. ಬಳ್ಳಾರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಬಂದವನು, ಮದುವೆಯಾದವನು. ಊರಲ್ಲಿ ಇಂಗ್ಲಿಷ್ ಓದಬಲ್ಲವರು ಆಗ ತೀರ ಕಡಿಮೆ. ಯಾರಿಗೆ ತಂತಿ ಬಂದರೂ ನನ್ನನ್ನೇ ಕರೆಯುತ್ತಿದ್ದರು. ಓದುವ ಮೊದಲು ಒಂದು ಸಲ ಕೆಮ್ಮುವ ಚಟ ಮಾಡಿಕೊಂಡಿದ್ದೆ. ಆ ಕೆಮ್ಮಿಗೆ ಮನೆಯವರೆಲ್ಲ ಸುಮ್ಮನಾಗುವುದು ನನಗೆ ಬಹಳ ಸೊಗಸೆನಿಸುತ್ತಿತ್ತು.

ಬಳ್ಳಾರಿಯಲ್ಲಿ ನಮ್ಮ ದವಾಖಾನೆಯ ಖರ್ಚು ನೋಡಿಕೊಳ್ಳುವ ಒಂದು ಕಮಿಟಿ ಇತ್ತು. ಆ ಕಮಿಟಿಯ ಹಿರಿಯರೊಬ್ಬರು ಒಮ್ಮೆ ಬಂದಾಗ ದೊರಸಾನಿ ನನ್ನ ಬೆನ್ನು ತಟ್ಟಿ, “ಇಂವ ಭಾಳ ಒಳ್ಳೆ ಮನಶಾ. ದಿನಾ ನನಗ ಕೈ ಕೊಡ್ತಾನ,” ಎಂದರು. ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹೋದ ಮೇಲೆ ನಾನು ತಿದ್ದಿದೆ: “ಕೈ ಹಚ್ತಾನ ಅನ್ನಬೇಕ್ರಿ. ಕೈ ಕೊಟ್ಟ ಅಂದ್ರ ನಂಬಿಸಿ ಮೋಸ ಮಾಡಿದ ಅಂತ.”

“ಹೌದಾ? ಹಚ್ಚಿದರ ಸಹಾಯ, ಕೊಟ್ಟರ ಮೋಸ?” ಎಂದು ಅವರು ಆ ದಿನವೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು. ತಪ್ಪಾಗಿ ಆಡಿದ ಆ ಮಾತನ್ನು ಮುಂದೆ ನಾನೇ ಸರಿ ಮಾಡಿಬಿಟ್ಟೆ.

ಇನ್ನೊಂದು ಸಂಜೆ ಹೊಸದಾಗಿ ಬಂದ ಮುದುಕಿಯೊಬ್ಬಳು ಅವರನ್ನು ಮೇಲಿಂದ ಕೆಳಗೆ ನೋಡಿ, “ಯವ್ವಾ, ನಿನ್ನ ಎಲ್ಲಿ ಕೊಟ್ಟಾರ?” ಎಂದು ಕೇಳಿದಳು. ಮದುವೆ ಮಾಡಿ ಯಾವ ಊರಿಗೆ ಕಳಿಸಿದ್ದಾರೆ ಎಂದು ಅವಳ ಪ್ರಶ್ನೆ. ದೊರಸಾನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರ ಮುಖ ಅರಳಿತು.

“ಹುಡುಗೀನೂ ಕೊಡ್ತೀರಿ? ಅದಕ್ಕೂ ಅದ ಮಾತಾ? ನಮ್ಮ ಕಡಿನೂ ಹಂಗ!” ಎಂದು ಚಪ್ಪಾಳೆ ತಟ್ಟಿದರು. ಆಮೇಲೆ ಮುದುಕಿಯ ಕಡೆ ತಿರುಗಿ, “ನನ್ನ ಕುರುಗೋಡಿಗಿ ಕೊಟ್ಟಾರವ್ವಾ,” ಎಂದರು.

ಹೆಂಗಸರಿಗೆ ಈ ಉತ್ತರ ಬಹಳ ಹಿಡಿಸಿತು. ಬಹಳ ದಿನ ಊರಲ್ಲಿ ಓಡಾಡಿತು. ಆದರೆ ‘ನಮ್ಮ ಕಡಿನೂ ಹಂಗ’ ಎಂದರಲ್ಲ, ಹೇಗೆ, ಯಾವ ಮಾತು ಎಂದು ನಾನು ಕೇಳಲಿಲ್ಲ. ಅವರ ಭಾಷೆಯಲ್ಲಿ ನನಗೆ ಆಗಬೇಕಾದ್ದು ಏನೂ ಇರಲಿಲ್ಲ. ಇಂಗ್ಲಿಷ್ ಬಂದರೆ ಸಾಕು, ಬಿಳಿಯರೆಲ್ಲರ ಮಾತೂ ಅದರ ಒಳಗೇ ಬಂತು ಎಂದು ತಿಳಿದಿದ್ದವನು ನಾನು.

ನಾನು ಇನ್ನೊಂದನ್ನೂ ಹೇಳಬೇಕು. ನಮ್ಮದು ಲಿಂಗ ಕಟ್ಟಿದ ಮನೆ. ದೊರಸಾನಿ ತಮ್ಮ ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ಮಾಂಸ ಬೇಯಿಸುತ್ತಿದ್ದರು. ಆ ಕೋಣೆಗೆ ನಾನು ಒಂದು ದಿನವೂ ಕಾಲಿಟ್ಟಿರಲಿಲ್ಲ. ಇದನ್ನು ಅವರಿಗೆ ಹೇಳಿಯೂ ಇರಲಿಲ್ಲ. ಹೇಳಿದ್ದರೆ ಅವರು ತಿಳಿದುಕೊಳ್ಳುತ್ತಿದ್ದರು, ನನಗೆ ಅದು ಗೊತ್ತಿತ್ತು. ಆದರೆ ಓದಿದವನು ಇಂಥದ್ದನ್ನೆಲ್ಲ ಮಾಡುತ್ತಾನೆಂದು ಅವರ ಮುಂದೆ ತೋರಿಸಿಕೊಳ್ಳಲು ನಾಚಿಕೆ. ಅವರು ಹೊರಗೆ ತಂದುಕೊಡುವ ಚಹಾವನ್ನು ಎರಡು ಕೈಯಿಂದ ತೆಗೆದುಕೊಂಡು, ಅವರು ಆ ಕಡೆ ತಿರುಗಿದಾಗ ಬೇವಿನ ಮರದ ಬುಡಕ್ಕೆ ಚೆಲ್ಲುತ್ತಿದ್ದೆ. ಖಾಲಿ ಲೋಟ ನೋಡಿ ಅವರಿಗೆ ಸಂತೋಷವಾಗುತ್ತಿತ್ತು. ಎಲ್ಲರ ಬಾಯಿ ತೆಗೆಸಿ ನೋಡುವವರು ನನ್ನ ಬಾಯಿ ಮಾತ್ರ ಎಂದೂ ತೆಗೆಸಲಿಲ್ಲ.

ಅವರ ದೇಶವನ್ನು ಜರ್ಮನಿಯವರು ಹಿಡಿದುಕೊಂಡಿದ್ದರು. ಊರಿನಿಂದ ಕಾಗದ ಬರುವುದು ನಿಂತು ವರ್ಷಗಳಾಗಿದ್ದವು. ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಬಳ್ಳಾರಿಯಿಂದ ಕೆಮ್ಮುತ್ತ ಬಂದಾಗ ನಾನು ಟಪಾಲು ತರುತ್ತಿದ್ದೆ. “ನಂದೇನರ ಐತೇನು?” “ಇಲ್ರಿ.” “ಇರ್ಲಿ, ನಾಳಿ ಬರ್ತೈತಿ.” ಇದು ದಿನದ ಮಾತು. ಬೇಸರದಿಂದ ಆಡಿದ್ದು ನಾನು ಕೇಳಿಲ್ಲ.

ಯುದ್ಧ ಮುಗಿಯುವ ಬೇಸಿಗೆಯಲ್ಲಿ ಅವರ ದೇಶ ಬಿಡುಗಡೆಯಾದ ಸುದ್ದಿ ಬಂತು. ನಾನು ಹೆಂಡತಿಯ ತವರಿಗೆ ಹೋಗಿ ಬರುವಷ್ಟರಲ್ಲಿ ದೊರಸಾನಿ ಬೇರೆಯೇ ಆಗಿದ್ದರು. ಕೂತಲ್ಲಿ ಕೂರುತ್ತಿರಲಿಲ್ಲ. ರೋಗಿಗಳ ಜೊತೆ ಕನ್ನಡದಲ್ಲಿ ಶುರು ಮಾಡಿದ ಮಾತು ನಡುವೆ ಅವರ ಭಾಷೆಗೆ ಜಾರುತ್ತಿತ್ತು. ರೋಗಿಗಳು ಪಿಳಿಪಿಳಿ ನೋಡಿದಾಗ ನಾಲಿಗೆ ಕಚ್ಚಿಕೊಳ್ಳುವರು. ಆ ವಾರ ಅವರು ಅರ್ಧ ಕುರುಗೋಡಿನಲ್ಲಿದ್ದರು, ಅರ್ಧ ತಮ್ಮೂರಿನಲ್ಲಿದ್ದರು.

ಅದೇ ವಾರ, ನಾನು ತಿರುಗಿ ಬರುವ ಮೊದಲೇ, ಅವರು ಬಳ್ಳಾರಿಯಿಂದ ಇಲಿ ಪಾಷಾಣ ತರಿಸಿದ್ದರು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದು ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲ ಅದು. ದವಾಖಾನೆಯಲ್ಲಿ ಇಲಿ ಇರಬಾರದೆಂದು ಅವರ ಹಟ. ಬೆಳ್ಳಗಿನ ಆ ಪುಡಿಯನ್ನು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಕಾಗದದ ಚೀಟಿ ಅಂಟಿಸಿ, ಔಷಧದ ಕೋಣೆಯ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಇಟ್ಟಿದ್ದರು. ವಿಷದ ಸೀಸೆಗಳ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ನಮ್ಮ ರೂಢಿ. ಆ ದಿನ ಅವರ ಕೈಗೆ ಬಂದದ್ದು ತಾಯಿಯ ಮಾತು. ಇದೆಲ್ಲ ನಡೆದಾಗ ನಾನು ಊರಲ್ಲಿರಲಿಲ್ಲ.

ಬಸಮ್ಮ ಎಂಬ ಹುಡುಗಿ ಇದ್ದಳು. ಚಿಕ್ಕವಳಿದ್ದಾಗ ವಿಷಮಶೀತ ಜ್ವರದಲ್ಲಿ ಹೋಗಿಯೇಬಿಟ್ಟಳೆಂದು ಮನೆಯವರು ಕೈಬಿಟ್ಟಾಗ ದೊರಸಾನಿ ಉಳಿಸಿಕೊಂಡವಳು. ಆಗಿನಿಂದ ದಿನಾ ಬಂದು ಬ್ಯಾಂಡೇಜು ಸುತ್ತಿಕೊಟ್ಟು ಹೋಗುವಳು. ಅವಳನ್ನು ಸಿರುಗುಪ್ಪಕ್ಕೆ ಕೊಡುವ ಮಾತು ನಡೆದಿತ್ತು. ನಮ್ಮ ಕಡೆ ಹೆಣ್ಣು ಕೊಡುವ ಮಾತು ಗಟ್ಟಿಯಾದಾಗ ಎರಡೂ ಕಡೆಯವರ ಬಾಯಿಗೆ ಸಕ್ಕರೆ ಹಾಕಬೇಕು. ಸಕ್ಕರೆ ಆಗ ರೇಷನ್ನಿನಲ್ಲಿ ಮಾತ್ರ, ಅದೂ ಕೈ ತುಂಬುವಷ್ಟಿಲ್ಲ. ಬಸಮ್ಮನ ಅಪ್ಪ ಬಂದು ಬಾಗಿಲಲ್ಲಿ ನಿಂತ.

“ಸಿರುಗುಪ್ಪದವರು ಬರಾಕ ಹತ್ಯಾರ್ರೀ. ಬೆಲ್ಲ ಹಾಕಿದ್ರ ನಗ್ತಾರ್ರಿ.”

“ಬೆಲ್ಲ ಛಲೋ ಅಲ್ಲ? ರಕ್ತಕ್ಕ ಒಳ್ಳೇದು,” ಎಂದರು ದೊರಸಾನಿ.

“ರಕ್ತಕ್ಕ ಒಳ್ಳೇದಿರಬಹುದ್ರಿ, ಬೀಗರಿಗೆ ಅಲ್ರಿ.”

ದೊರಸಾನಿ ತಡವಾಗಿ ನಕ್ಕರು. ತಮ್ಮ ಪಾಲಿನ ಸಕ್ಕರೆಯನ್ನೆಲ್ಲ ಕೊಡುತ್ತೇನೆಂದು ಮಾತು ಕೊಟ್ಟರು.

ಸಿರುಗುಪ್ಪದವರು ಬರುವ ದಿನ ಬೆಳಿಗ್ಗೆ ಪಕ್ಕದ ಹಳ್ಳಿಯಿಂದ ಹೆರಿಗೆಗೆ ಕರೆ ಬಂತು. ಗಾಡಿ ಹತ್ತುತ್ತ ಅವರು ನನಗೆ ಹೇಳಿದ್ದು ಇಷ್ಟು: “ಸಕ್ಕರಿ ಡಬ್ಬಿ ಅಡಗಿ ಮನ್ಯಾಗ ಐತಿ. ಬಸಮ್ಮನ ಮನಿಗಿ ಮುಟ್ಟಿಸು. ಮರೀಬ್ಯಾಡ.”

ಅಡಗಿ ಮನ್ಯಾಗ ಎಂದರು. ಅದನ್ನು ನಾನು ಸರಿಯಾಗಿ ಕೇಳಿಸಿಕೊಂಡೆ. ಆ ಬಾಗಿಲ ತನಕ ಹೋದೆ ಕೂಡ. ಒಳಗಿಂದ ಹಿಂದಿನ ದಿನದ ವಾಸನೆ ಬಂತು. ಯಾರೂ ನೋಡುತ್ತಿರಲಿಲ್ಲ, ಉಸಿರು ಹಿಡಿದು ಹೋಗಿ ಬರಬಹುದಿತ್ತು. ಹಾಗೇ ತಿರುಗಿ ಔಷಧದ ಕೋಣೆಗೆ ಬಂದು ಹಲಗೆಗಳನ್ನು ನೋಡಿದೆ. ಮೇಲೆ ಹೊಸದೊಂದು ಡಬ್ಬಿ ಕಂಡಿತು. ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಚೀಟಿ: ಗಿಫ್ಟ್. ಮುಚ್ಚಳ ತೆಗೆದರೆ ಬೆಳ್ಳಗೆ ಪುಡಿ. ಉಡುಗೊರೆ ಅಂತ ಬರೆದೇ ಇಟ್ಟಿದ್ದಾರೆ, ಅಡುಗೆಮನೆ ಎಂದದ್ದು ಅವಸರದಲ್ಲಿ ಬಾಯಿ ತಪ್ಪಿ, ಎಂದುಕೊಂಡೆ. ಮೈಲಿಗೆಯಾಗದೆ ಕೆಲಸವಾಯಿತೆಂದು ಸಮಾಧಾನವೂ ಆಯಿತು.

ಬಸಮ್ಮನ ಮನೆಯಲ್ಲಿ ಡಬ್ಬಿ ಕೊಡುವಾಗ ಸುಮ್ಮನೆ ಕೊಟ್ಟು ಬರಲಿಲ್ಲ. ಚೀಟಿಯ ಮೇಲೆ ಬೆರಳಿಟ್ಟು, ಒಂದು ಸಲ ಕೆಮ್ಮಿ, “ಇಂಗ್ಲಿಷಿನಾಗ ಬರದಾರ. ಗಿಫ್ಟ್ ಅಂತ. ಅಂದ್ರ ಉಡುಗೊರಿ,” ಎಂದೆ.

“ನಿನ್ನಿಂದ ಗೊತ್ತಾತಪ್ಪ. ನಮಗ ಹುಳ ಹರದಾಡಿದಂಗ ಕಾಣ್ತಿತ್ತು,” ಎಂದ ಅವಳ ಅಪ್ಪ.

ಸಕ್ಕರೆ ಇಷ್ಟು ನುಣ್ಣಗಿದೆಯಲ್ಲ ಎಂದು ಯಾರೋ ಹೆಂಗಸು ಅಂದಳು. ಬಿಳಿ ಮಂದಿಯ ಸಕ್ಕರೆ ಹಾಗೇ ಇರುತ್ತದೆ ಎಂದೆ ನಾನು.

ಜಮಖಾನೆಯ ಮೇಲೆ ಎರಡೂ ಕಡೆಯವರು ಕೂತರು. ಬಸಮ್ಮ ತಟ್ಟೆ ಹಿಡಿದು ತಂದಳು. “ಹೆಣ್ಣು ಕೊಟ್ವಿ,” ಎಂದ ಅವಳ ಅಪ್ಪ. “ತಗೊಂಡ್ವಿ,” ಎಂದು ವರನ ಸೋದರಮಾವ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡವನು ಅಲ್ಲೇ ಉಗುಳಿದ.

“ಥೂ! ಏನಿದು, ಸುಣ್ಣ ಇದ್ದಂಗೈತಿ!”

“ಸಕ್ರಿ ತಿಂದು ಭಾಳ ದಿನಾತು, ಮಾವಗ ರುಚಿ ಮರತೈತಿ,” ಎಂದು ಒಬ್ಬ ಚೇಷ್ಟೆ ಮಾಡಿದ. ಆದರೆ ತಟ್ಟೆಗೆ ಮತ್ತೆ ಯಾರೂ ಕೈ ಹಾಕಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮಾವ ಹೊಟ್ಟೆ ಹಿಡಿದುಕೊಂಡು ಒರಗಿದ.

ಅಷ್ಟರಲ್ಲಿ ದೊರಸಾನಿಯ ಗಾಡಿ ವಾಪಸು ಬಂದದ್ದು ಅವನ ಅದೃಷ್ಟ. ಓಡಿ ಬಂದವರು ಡಬ್ಬಿ ನೋಡಿದರು. ಅವರ ಮುಖದಲ್ಲಿ ಬಣ್ಣ ಇಳಿದದ್ದನ್ನು ನಾನು ಕಂಡೆ. ಯಾರು ತಂದರು, ಯಾಕೆ ತಂದರು ಎಂದು ಕೇಳಲಿಲ್ಲ. “ಎಷ್ಟು ಮಂದಿ ತಿಂದಾರ?” ಎಂದಷ್ಟೇ ಕೇಳಿದರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಇದ್ದಿಲು ಅರೆದು ಕುಡಿಸಿದರು, ಹಾಲು ಕುಡಿಸಿದರು, ಅವನ ತಲೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಉಗುಳಿದ್ದರಿಂದ ಒಳಗೆ ಹೋದದ್ದು ಕಡಿಮೆ. ಮನುಷ್ಯ ಉಳಿದ.

ಮರುದಿನ ಬೆಳಿಗ್ಗೆ ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಸಿರುಗುಪ್ಪದವರು ಗಾಡಿ ಹೂಡಿಕೊಂಡೇ ಬಂದಿದ್ದರು.

“ಮದ್ದು ಹಾಕೋ ಮನಿ ಹೆಣ್ಣು ನಮಗ ಬ್ಯಾಡ,” ಎಂದರು.

ಮದ್ದು ಎಂದರೆ ನಮ್ಮಲ್ಲಿ ಔಷಧಿಯೂ ಹೌದು, ಕದ್ದು ಉಣಿಸುವ ವಿಷವೂ ಹೌದು. ಮದ್ದು ಹಾಕುವ ಮನೆ ಎಂದು ಒಮ್ಮೆ ಹೆಸರು ಬಂದರೆ ಆ ಮನೆಯಲ್ಲಿ ಯಾರೂ ನೀರೂ ಮುಟ್ಟುವುದಿಲ್ಲ. ಬಸಮ್ಮನ ಅಪ್ಪ ತಲೆಯ ರುಮಾಲು ತೆಗೆದು ಅವರ ಕಾಲ ಹತ್ತಿರ ಇಟ್ಟ. “ನಾವು ಅದಕ್ಕ ಏನೂ ಕೂಡಿಸಿಲ್ಲರೀ. ದವಾಖಾನಿಂದ ಬಂದದ್ದು. ಕಂಪೌಂಡರನ್ನ ಕೇಳ್ರಿ,” ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು. ದೊರಸಾನಿ ಕಟ್ಟೆಯ ಆ ತುದಿಯಲ್ಲಿ ನಿಂತಿದ್ದರು.

“ಏನಪಾ, ಯಾವ ಡಬ್ಬಿ ಕೊಡು ಅಂದಿದ್ಲು ಈಕಿ?” ಎಂದು ಹಿರಿಯರೊಬ್ಬರು ಕೇಳಿದರು.

ಅಡುಗೆಮನೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ, ಮತ್ತೆ ಅಲ್ಲಿಂದ ಯಾಕೆ ತರಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಹೋಗಲಿಲ್ಲ ಎಂದರೆ ದೊರಸಾನಿಯ ಮುಂದೆ ಸಣ್ಣವನಾಗುತ್ತಿದ್ದೆ. ಹೋಗಿದ್ದೆ ಎಂದರೆ ಊರವರ ಮುಂದೆ ಕೆಡುತ್ತಿದ್ದೆ. ಓದಲು ಬಂದೂ ತಪ್ಪಿದ ಎಂಬ ಅಪಮಾನ ಬೇರೆ.

“ಔಷಧದ ಕೋಣ್ಯಾಗಿನ ಡಬ್ಬಿ ಅಂದ್ರು. ಇದನ್ನ ತೋರಿಸಿದ್ರು,” ಎಂದೆ.

ದೊರಸಾನಿ ನನ್ನನ್ನು ನೋಡಿದರು. ಅವರಿಗೆ ಕನ್ನಡ ತಡವಾಗಿ ತಿಳಿಯುತ್ತಿತ್ತು ಎಂದೆನಲ್ಲ, ಇದು ಮಾತ್ರ ತಡವಾಗಲಿಲ್ಲ. ಅವರು ಬಾಯಿ ತೆರೆದರೆ ನಾನು ಮುಗಿದೆ ಎಂದು ನಿಂತಿದ್ದೆ. ಅವರು ಮುಂದೆ ಬಂದು ಚೀಟಿಯನ್ನು ಮುಟ್ಟಿ ಹೇಳಿದರು: “ಬರದಾಕಿ ನಾನು. ನಿಮ್ಮ ಊರಾಗ ನಿಂತು ನಮ್ಮ ಊರ ಮಾತು ಬರದೆ. ತಪ್ಪು ನಂದು. ಹುಡುಗೀದು ಅಲ್ಲ, ಆಕಿ ಮನಿಯವರದೂ ಅಲ್ಲ.”

“ನನ್ನ ಉಳಿಸಿದಾಕಿನೂ ಈಕಿನ, ಕೊಲ್ಲಾಕ ಹೋದಾಕಿನೂ ಈಕಿನ?” ಎಂದ ಮಾವ. ವಿಷಯ ಪೊಲೀಸರ ತನಕ ಹೋಗಲಿಲ್ಲ. ಸಿರುಗುಪ್ಪದವರು ಬಸಮ್ಮನನ್ನು ಒಪ್ಪಿಕೊಂಡು, ಆ ತಿಂಗಳೇ ಮದುವೆ ಮುಗಿಸಿಕೊಂಡು ಸಿರುಗುಪ್ಪಕ್ಕೆ ಕರೆದೊಯ್ದರು.

ದವಾಖಾನೆಗೆ ಜನ ಬರುವುದು ನಿಂತಿತು. ಮೊದಲು ಔಷಧ ಬೇಡವೆಂದರು, ಆಮೇಲೆ ಬಂಡೆಯ ಮೇಲೆ ಕೂರುವುದನ್ನೂ ಬಿಟ್ಟರು. ಮದ್ದಿನ ದೊರಸಾನಿ ಎಂಬ ಹೆಸರು ಬಿತ್ತು. ದೊರಸಾನಿ ಬೆಳಿಗ್ಗೆ ಬಾಗಿಲು ತೆಗೆದು, ಸೂಜಿ ಕುದಿಸಿ, ಸಂಜೆಯವರೆಗೆ ಕೂತು, ಬಾಗಿಲು ಹಾಕುವರು. ನಾನು ಎದುರಿಗೆ ಕೂತಿರುತ್ತಿದ್ದೆ. ಗುಡಿಯ ಕಟ್ಟೆಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೊನೆಗೆ ಕಮಿಟಿಯವರು ದವಾಖಾನೆ ಮುಚ್ಚುವುದೆಂದೂ ಅವರು ಹಡಗು ಸಿಕ್ಕಾಗ ತಮ್ಮ ದೇಶಕ್ಕೆ ಹೋಗುವುದೆಂದೂ ಗೊತ್ತು ಮಾಡಿದರು.

ಸಾಮಾನು ಕಟ್ಟುವ ದಿನ ಅವರು ಟ್ರಂಕಿನ ಮೇಲೆ ಕೂತು ನನ್ನನ್ನು ಕೇಳಿದರು: “ಗಿಫ್ಟ್ ಅಂದ್ರ ಏನು?”

“ಉಡುಗೊರಿ ಅಲ್ಲೇನ್ರಿ?”

“ನೀ ಓದಿದ್ದು ಸರಿ. ಭಾಷಾ ತಪ್ಪು.” ಸಿಟ್ಟಿನಿಂದ ಹೇಳಿದ್ದಲ್ಲ. ಬಂಡೆಯ ಮೇಲೆ ಕೂತಾಗಿನ ಹಾಗೆಯೇ ಬೆರಳು ಮಡಚತೊಡಗಿದರು. “ನಮ್ಮ ಮಾತಿನಾಗ ಗಿಫ್ಟ್ ಅಂದ್ರ ವಿಷ. ಮತ್ತ, ಮದುವಿ ಆದವರು ಅಂತನೂ ಹೌದು. ಸ್ವೀಡನ್ನಿನವರೂ ಹಂಗ ಅಂತಾರ, ನಾರ್ವೆಯವರೂ ಅಂತಾರ. ಮೂರು ಮನಿ, ಒಂದ ಹಿತ್ತಲ. ಗಂಡಸರು ಅದರ ಮ್ಯಾಲೆ ಚ್ಯಾಷ್ಟಿ ಮಾಡ್ತಾರ, ಮದುವಿನೂ ವಿಷನೂ ಒಂದ ಅಂತ. ಖರೇ ಹೇಳಬೇಕಂದ್ರ ಅದು ‘ಕೊಡೋದು’ ಅನ್ನೋ ಮಾತು. ಅಷ್ಟ. ಹುಡುಗೀನ್ನ ಕೊಟ್ರು, ಆಕಿ ಗಿಫ್ಟ್ ಆದ್ಲು. ಆಮ್ಯಾಲೆ ಗಂಡಸಿಗೂ ಅದನ್ನ ಅಂದ್ರು.”

“ಮತ್ತ ವಿಷ?” ಎಂದೆ.

“ಅದು ಜರ್ಮನಿ ಕಡಿಂದ ಬಂತು. ಮದುವಿ ನಮ್ದು, ವಿಷ ಅವರದು.” ಸ್ವಲ್ಪ ನಕ್ಕರು. “ಅವರೂ ಮೊದಲ ‘ಕೊಟ್ಟದ್ದು’ ಅಂತನ ಅಂತಿದ್ರು. ವೈದ್ಯ ಕೊಟ್ಟದ್ದು. ಗ್ರೀಕರ ಮಾತು ನೋಡಿ ಮಾಡಿಕೊಂಡದ್ದು. ನೀ ದಿನಾ ಡೋಸ್ ಡೋಸ್ ಅಂತೀ ಅಲ್ಲ, ಅದ ಆ ಗ್ರೀಕರ ಮಾತು. ಅದೂ ‘ಕೊಟ್ಟದ್ದು’. ಬರಬರ್ತ ಒಳ್ಳೇದು ಉದುರಿ ಹೋತು, ವಿಷ ಉಳೀತು. ಉಡುಗೊರಿಗೆ ನಾವು ಬ್ಯಾರೆ ಮಾತು ಇಟ್ಕೊಂಡೀವಿ, ಗೇವ ಅಂತ. ಅದರಾಗೂ ಕೊಡೋದ ಐತಿ.”

“ನಮ್ಮಲ್ಲಿ ಮದ್ದು ಅಂದಂಗರೀ.”

“ಗೊತ್ತೈತಿ. ಈ ತಿಂಗಳು ದಿನಾ ಕೇಳೀನಿ.”

ಅವರು ಎದ್ದು ಟ್ರಂಕಿಗೆ ಬೀಗ ಹಾಕಿದರು. “ಇನ್ನೇನರ ಹೇಳೋದು ಐತೇನು ನಿನಗ?” ಎಂದು ಕೇಳಿದರು.

“ಇಲ್ರಿ,” ಎಂದೆ.

ಬಳ್ಳಾರಿ ಸ್ಟೇಷನ್ನಿಗೆ ನಾನೇ ಟ್ರಂಕು ಹೊರಿಸಿಕೊಂಡು ಹೋದೆ. ರೈಲು ಹೊರಟಾಗ ನನ್ನ ಹೆಂಡತಿಯ ಆರೋಗ್ಯ ವಿಚಾರಿಸಿದರು. ಆ ಮೇಲೆ ಅವರನ್ನು ನೋಡಲಿಲ್ಲ. ಎಲ್ಲಿದ್ದರೋ, ಹೇಗಿದ್ದರೋ, ಗೊತ್ತಾಗಲಿಲ್ಲ. ಈಗ ನನಗೇ ಎಂಬತ್ತು ದಾಟಿದೆ. ಅವರು ಇರುವ ಮಾತಿಲ್ಲ.

ನಾನು ಬಳ್ಳಾರಿಯ ಒಂದು ಕಿರಾಣಿ ಅಂಗಡಿಯಲ್ಲಿ ಗುಮಾಸ್ತನಾದೆ. ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂದು ಬಸ್ಸುಗಳಲ್ಲಿ ಜನ ಕೈ ಕೈ ಮಿಲಾಯಿಸುತ್ತಿದ್ದ ದಿನಗಳಲ್ಲಿ ಅಂಗಡಿಯವರು ನನ್ನನ್ನು ಅಕ್ಕಿ ಗೊತ್ತು ಮಾಡಲು ಸಿರುಗುಪ್ಪಕ್ಕೆ ಕಳಿಸಿದರು. ಅಕ್ಕಿ ಮಿಲ್ಲಿನಲ್ಲಿ ತೂಕ ಹಾಕುತ್ತಿದ್ದವನು ನನ್ನ ಮುಖ ನೋಡಿ, “ಕುರುಗೋಡಿನ ಕಂಪೌಂಡರ್ ಅಲ್ಲೇನ್ರಿ ನೀವು? ನಾನು ಬಸಮ್ಮನ ಗಂಡ,” ಎಂದ. ಬೇಡವೆಂದರೂ ಕೇಳದೆ ಮನೆಗೆ ಕರೆದುಕೊಂಡು ಹೋದ.

ಬಸಮ್ಮ ಚಹಾ ತಂದಳು. ಲೋಟಗಳನ್ನು ನನಗೆ ಕೊಡದೆ ಬಾಗಿಲಲ್ಲಿ ಕೂತಿದ್ದ ಅತ್ತೆಯ ಮುಂದೆ ಇಟ್ಟಳು. ಮುದುಕಿ ಸೆರಗಿನ ಗಂಟು ಬಿಚ್ಚಿ, ಒಂದೊಂದು ಲೋಟಕ್ಕೂ ತಾನೇ ಸಕ್ಕರೆ ಹಾಕಿ, ಕಲಸಿ, ಗಂಟು ಕಟ್ಟಿಕೊಂಡಳು. “ನಮ್ಮನ್ಯಾಗ ಸಕ್ರಿ ಹಾಕೋದು ಅವ್ವನ ಕೆಲಸ್ರಿ,” ಎಂದ ಗಂಡ, ನೆಲ ನೋಡುತ್ತ. ಎಲೆ ಅಡಿಕೆ ತರುತ್ತೇನೆಂದು ಎದ್ದು ಹೋದ.

“ಬಂದ ದಿನದಿಂದ ಹಿಂಗ, ಅಣ್ಣಾ,” ಎಂದಳು ಬಸಮ್ಮ. “ನನ್ನ ಕೈಲೆ ಸಕ್ರಿ ಮುಟ್ಟಿಸಂಗಿಲ್ಲ. ಹಬ್ಬಕ್ಕ ಹೂರಣ ರುಬ್ಬಾಕ ನೆರಿಮನ್ಯಾಕಿ ಬರ್ತಾಳ. ನನ್ನ ಮಗಾ ಹುಟ್ಟಿದಾಗ ಸಕ್ರಿನೀರಿನ ಬಟ್ಟು ಬಾಯಿಗಿ ಇಟ್ಟಾಕಿ ನಾದಿನಿ.”

“ಯಾಕ? ದೊರಸಾನಿ ತಪ್ಪು ಅಂತ ಅವತ್ತ ತೀರ್ಮಾನ ಆತಲ್ಲ?”

“ಅದು ಕುರುಗೋಡಿನಾಗ. ಇಲ್ಲಿ ಹಂಗಲ್ಲ. ಮಾವನ್ನ ಬದುಕಿಸಿದಾಕಿ ವಿಷ ಹಾಕ್ತಾಳೇನು? ತನ್ನ ಮ್ಯಾಲೆ ಹಾಕ್ಕೊಂಡು ನಿಮ್ಮನಿ ಮಾನ ಉಳಿಸಿದ್ಲು, ಹಾಕಿದವರು ನಿಮ್ಮ ಮನಿಯವರ, ಅಂತಾರ.”

ಕುರುಗೋಡಿನಲ್ಲಿ ಅದನ್ನು ದೊರಸಾನಿ ಹೊತ್ತಿದ್ದರು, ಸಿರುಗುಪ್ಪದಲ್ಲಿ ಈ ಹುಡುಗಿ ಹೊತ್ತಿದ್ದಳು. ನಾನೊಬ್ಬನೇ ಕೈ ಬೀಸಿಕೊಂಡು ಓಡಾಡಿಕೊಂಡಿದ್ದೆ. ಬೇವಿನ ಬುಡಕ್ಕೆ ಚೆಲ್ಲಿದ ಚಹಾ ನೆನಪಾಯಿತು. ಲೋಟ ಕೆಳಗಿಟ್ಟೆ.

“ಡಬ್ಬಿ ತಪ್ಪಿ ತಂದಾಂವ ನಾನು, ಬಸಮ್ಮಾ,” ಎಂದೆ. ದನಿ ನನಗೇ ಕೇಳಿಸದಷ್ಟು ಸಣ್ಣದಿತ್ತು. “ದೊರಸಾನಿ ಅಡಗಿ ಮನ್ಯಾಗಿಂದು ಅಂದಿದ್ರು. ಮಾಂಸ ಮಾಡೋ ಕೋಣಿ ಅಂತ ನಾ ಒಳಗ ಹೋಗಲಿಲ್ಲ. ಕಟ್ಟಿ ಮ್ಯಾಲೆ ಸುಳ್ಳು ಹೇಳಿದೆ.”

ಬಸಮ್ಮ ಅಳುತ್ತಾಳೆ, ಇಲ್ಲವೆ ಬೈಯುತ್ತಾಳೆ ಎಂದುಕೊಂಡೆ.

“ನನಗ ಯಾಕ ಹೇಳ್ತೀ?” ಎಂದಳು. “ನಾ ಹಾಕಿಲ್ಲಂತ ನನಗ ಗೊತ್ತೈತಿ. ನಮ್ಮತ್ತಿಗಿ ಹೇಳು. ಜೋರಾಗಿ ಹೇಳು, ಆಕಿಗಿ ಕಿವಿ ಕೇಳಸಂಗಿಲ್ಲ.”

ನಾನು ಮುದುಕಿಯ ಹತ್ತಿರ ಹೋಗಿ ಕೂತು ಹೇಳಿದೆ.

“ಏನು? ಡಬ್ಬಿ ಬೇಕಾ?” ಎಂದಳು ಅವಳು.

“ಅಲ್ಲಬೇ! ವಿಷದ ಡಬ್ಬಿ! ತಂದಾಂವ ನಾನು!”

“ಯಾರು ತಂದ್ರು?”

“ನಾನೂ!” ಎಂದು ಒದರಿದೆ. ಎದುರು ಮನೆಯ ಹೆಂಗಸು ಮೊರ ಹಿಡಿದುಕೊಂಡೇ ಬಂದಳು. ಓಣಿಯ ಮಂದಿ ನಿಂತರು. ಬಸಮ್ಮನ ಗಂಡ ಎಲೆ ಕೈಯಲ್ಲಿ ಹಿಡಿದು ಬಂದವನು ಅಲ್ಲೇ ನಿಂತ. ಅಡುಗೆಮನೆ, ಔಷಧದ ಕೋಣೆ, ಚೀಟಿ, ಕಟ್ಟೆ, ಒಂದೊಂದನ್ನೂ ಒದರಬೇಕಾಯಿತು. ಕೇಳಿಸದಿದ್ದಾಗ ಮತ್ತೊಮ್ಮೆ ಒದರಬೇಕಾಯಿತು. “ಸುಳ್ಳು ಹೇಳಿದೆನಬೇ! ನಿನ್ನ ಸೊಸಿದು ತಪ್ಪಿಲ್ಲ! ದೊರಸಾನಿದೂ ತಪ್ಪಿಲ್ಲ!”

ಮುದುಕಿ ನನ್ನ ಮುಖವನ್ನು ದಿಟ್ಟಿಸಿದಳು. “ಭಾಡ್ಯಾ, ಇಷ್ಟು ದಿನ ಬಾಯಾಗ ಏನಿಟ್ಕೊಂಡಿದ್ದಿ?” ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದದ್ದನ್ನು ಸೊಸೆಯ ಎರಡೂ ಕೈಗೆ ಸುರಿದಳು. “ಹಿಡಿ. ಒಳಗ ಇಡು,” ಎಂದಳು. ಬಸಮ್ಮ ಕೈ ಹಾಗೇ ಹಿಡಿದುಕೊಂಡು ನಿಂತಳು. ಒಳಗೆ ಹೋಗುವುದು ಅವಳಿಗೆ ತಕ್ಷಣ ಆಗಲಿಲ್ಲ.

ಮಂದಿ ಚದುರಿದರು. ನಾನು ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಮುದುಕಿ ಮತ್ತೆ ಕರೆದಳು.

“ಆ ದೊರಸಾನಿಗಿ ಹೇಳಿದೇನು ಇದನ್ನ?”

“ಇಲ್ಲಬೇ.”

“ಎಲ್ಲಿ ಅದಾಳ ಆಕಿ?”

“ಆಕಿ ದೇಶಕ್ಕ ಹೋದ್ಲು.”

“ದೂರ ಏನು?”

“ಸಮುದ್ರದ ಆಚಿಕ. ಭಾಳ ದೂರ.”

“ಹಂಗಾರ,” ಎಂದಳು ಮುದುಕಿ, “ಇನ್ನೂ ಜೋರಾಗಿ ಒದರಬೇಕಲ್ಲೋ, ತಮ್ಮಾ.”